ಅಫರ್ಮೇಟಿವ್ ಆಕ್ಷನ್ ನಿಷೇಧಿಸಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಏನಾಯಿತು?

1996ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ಪ್ರೊಪೊಸಿಷನ್ 209 ಎಂಬ, ಜನರ ಮತಕ್ಕೇ ಹಾಕಿದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟರು. ಸರ್ಕಾರಿ ಕಾಲೇಜು, ನೌಕರಿ, ಗುತ್ತಿಗೆಗಳಲ್ಲಿ ಜನಾಂಗ, ಲಿಂಗ ನೋಡಿ ಆದ್ಯತೆ ಕೊಡುವುದು, ಅಂದರೆ ಅಫರ್ಮೇಟಿವ್ ಆಕ್ಷನ್, ನಿಂತಿತು. ನಮ್ಮ ಮೀಸಲಾತಿಯಂತೆ ಅಲ್ಲಿ ಸೀಟು ಎತ್ತಿಡುತ್ತಿರಲಿಲ್ಲ. ಅಂಥ ಕೋಟಾವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲೇ ತಳ್ಳಿಹಾಕಿತ್ತು. ಅರ್ಜಿ ನೋಡುವಾಗ ಜನಾಂಗವನ್ನೂ ಗಮನಿಸುತ್ತಿದ್ದರು, ಅಷ್ಟೇ.

ಪರಿಣಾಮ ಜಾಸ್ತಿ ಕಂಡಿದ್ದು ಸರ್ಕಾರಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಮತ್ತು ಯುಸಿಎಲ್‌ಎ (ಲಾಸ್ ಏಂಜಲೀಸ್) ಕ್ಯಾಂಪಸ್‌ಗಳಲ್ಲಿ. 1998ರ ಪ್ರವೇಶದಲ್ಲೇ ಕಪ್ಪು ಮತ್ತು ಲ್ಯಾಟಿನೊ ವಿದ್ಯಾರ್ಥಿಗಳ ಸಂಖ್ಯೆ ಕುಸಿಯಿತು. 2006ರಲ್ಲಂತೂ ಯುಸಿಎಲ್‌ಎಯ ಸುಮಾರು 4,800 ಹೊಸ ವಿದ್ಯಾರ್ಥಿಗಳಲ್ಲಿ ಕಪ್ಪು ಮಕ್ಕಳು ಬರೀ 96! ಲಾಸ್ ಏಂಜಲೀಸ್‌ನಂಥ ಊರಲ್ಲಿ ಇದು ನೋವಿನ ವಿಷಯ ಅಲ್ವಾ?

‘ತಮ್ಮ ಅಂಕಕ್ಕೆ ತಕ್ಕ ಕಾಲೇಜಿಗೆ ಹೋದರೆ ಅವರಿಗೇ ಒಳ್ಳೆಯದು’ ಎಂಬ ವಾದವಿತ್ತು. ಅರ್ಥಶಾಸ್ತ್ರಜ್ಞ ಜಾಕರಿ ಬ್ಲೀಮರ್ ದಾಖಲೆಗಳನ್ನು ಜಾಲಾಡಿದಾಗ ಹಾಗೆ ಕಾಣಲಿಲ್ಲ. ಈ ಸಮುದಾಯಗಳಲ್ಲಿ ಪದವಿ ಮುಗಿಸುವವರು ಕಡಿಮೆಯಾದರು, ಮುಂದೆ ಸಂಬಳವೂ ತಗ್ಗಿತು.

ವಿಶ್ವವಿದ್ಯಾಲಯ ಸುಮ್ನೆ ಕೂರಲಿಲ್ಲ. ಪ್ರತಿ ಹೈಸ್ಕೂಲಿನಲ್ಲಿ ಓದಿನಲ್ಲಿ ಮುಂದಿದ್ದ ಮಕ್ಕಳಿಗೆ ಅವಕಾಶ ಕೊಟ್ಟಿತು, ಬಡ ಶಾಲೆಗಳಿಗೆ ನೆರವಾಯಿತು. ಇದಕ್ಕೆಲ್ಲ 50 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿದೆ, ಆದರೂ ಸಾಲದು ಎಂದು ವಿಶ್ವವಿದ್ಯಾಲಯವೇ 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು. ಲ್ಯಾಟಿನೊ ವಿದ್ಯಾರ್ಥಿಗಳು ಈಗ ಹೆಚ್ಚಿದ್ದಾರೆ ನಿಜ, ಆದರೆ ರಾಜ್ಯದಲ್ಲಿ ಅವರ ಜನಸಂಖ್ಯೆಯೂ ಬೆಳೆದಿದೆ.

2020ರಲ್ಲಿ ನಿಷೇಧ ತೆಗೆಯಲು ಮತ್ತೆ ಮತ ಕೇಳಿದರು. ಸುಮಾರು 57% ಮಂದಿ ಬೇಡ ಎಂದರು.