ಫೈಬ್ರಾಯ್ಡ್ ಗಡ್ಡೆ ತೆಗೆಯುವಾಗ ರಕ್ತಸ್ರಾವ ತಗ್ಗಿಸಲು ಕೊಡುವ ಇಂಜೆಕ್ಷನ್: ಬಿಪಿ ಇದ್ದವರಿಗೆ ಅಪಾಯವೇ?

ಗದಗಿನಲ್ಲಿರುವ ನಿಮ್ಮ ಅಕ್ಕನವರಿಗೆ, ಗರ್ಭಕೋಶವನ್ನು ಉಳಿಸಿಕೊಂಡು ಫೈಬ್ರಾಯ್ಡ್ ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಹುಬ್ಬಳ್ಳಿಯಲ್ಲಿ ನಿಗದಿಯಾಗಿದೆ. ಹೆಚ್ಚು ರಕ್ತ ಹೋಗದಂತೆ ಇಂಜೆಕ್ಷನ್ ಕೊಡುವುದಾಗಿ ವೈದ್ಯರು ಹೇಳಿದ್ದಾರೆ. ಬಿಪಿ ಇರುವುದರಿಂದ ಅದು ಅಪಾಯವೇ ಎಂಬುದು ನಿಮ್ಮ ಪ್ರಶ್ನೆ. ನಾನು ಹುಬ್ಬಳ್ಳಿಯಲ್ಲಿ ಅರಿವಳಿಕೆ ತಜ್ಞ. ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ರೋಗಿಯ ನಾಡಿ ಮತ್ತು ರಕ್ತದೊತ್ತಡದ ಮೇಲೆ ಕಣ್ಣಿಡುವುದು ನನ್ನ ಕೆಲಸವಾದ್ದರಿಂದ ಆ ದೃಷ್ಟಿಯಿಂದಲೇ ಉತ್ತರಿಸುತ್ತೇನೆ.

ಅಪಾಯವಿದೆಯೇ ಎಂಬುದು ಅದು ಯಾವ ಇಂಜೆಕ್ಷನ್ ಎಂಬುದನ್ನು ಅವಲಂಬಿಸಿದೆ. ಬಿಪಿಯ ಪ್ರಶ್ನೆ ಮುಖ್ಯವಾಗಿ ಏಳುವುದು ವ್ಯಾಸೊಪ್ರೆಸಿನ್ ವಿಷಯದಲ್ಲಿ. ಇದು ಪಿಟ್ಯುಟರಿ ಗ್ರಂಥಿಯಿಂದ ನಮ್ಮ ದೇಹದಲ್ಲಿಯೇ ಸ್ರವಿಸುವ ಹಾರ್ಮೋನು. ಔಷಧವಾಗಿ ಕೊಟ್ಟಾಗ ರಕ್ತನಾಳಗಳನ್ನು ಬಲವಾಗಿ ಕುಗ್ಗಿಸುತ್ತದೆ. ಸಾಮಾನ್ಯವಾಗಿ 20 ಯೂನಿಟ್ ಔಷಧವನ್ನು 100ರಿಂದ 200 ಮಿ.ಲೀ. ಸಲೈನ್‌ನಲ್ಲಿ ಬೆರೆಸಿ, ಅದರಲ್ಲಿ ಬೇಕಾದಷ್ಟನ್ನು ಗಡ್ಡೆಯ ಸುತ್ತಲಿನ ಸ್ನಾಯುವಿಗೆ ಚುಚ್ಚುತ್ತಾರೆ. ನೋಡುನೋಡುತ್ತಲೇ ಆ ಭಾಗ ಬಿಳಿಚಿಕೊಳ್ಳುತ್ತದೆ, ಕೊಯ್ದಲ್ಲಿ ರಕ್ತ ಜಿನುಗುವುದು ತಗ್ಗುತ್ತದೆ. ಪರಿಣಾಮ ಉಳಿಯುವುದು ಸುಮಾರು ಅರ್ಧ ತಾಸು ಮಾತ್ರ. ಆದ್ದರಿಂದ ಹೊಲಿಗೆ ಮುಗಿದ ಮೇಲೂ ರಕ್ತ ಮತ್ತೆ ಒಸರುತ್ತಿದೆಯೇ ಎಂದು ನೋಡಿಯೇ ಹೊಟ್ಟೆ ಮುಚ್ಚಬೇಕು.

ಸೂಜಿಯ ತುದಿ ಅಕಸ್ಮಾತ್ ರಕ್ತನಾಳದೊಳಗೆ ಹೊಕ್ಕರೆ ಬಿಪಿ ಒಮ್ಮೆಲೇ ಏರಿ, ನಾಡಿಬಡಿತ ಇಳಿಯಬಹುದು. ಅಪರೂಪಕ್ಕೆ ಹೃದಯವೇ ನಿಂತದ್ದೂ ಉಂಟು. ಅದಕ್ಕಾಗಿಯೇ ಚುಚ್ಚುವ ಮುನ್ನ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ, ನಮಗೂ ಗಟ್ಟಿಯಾಗಿ ಹೇಳುತ್ತಾರೆ. ಹೇಳದೆ ಚುಚ್ಚುವವರೊಡನೆ ಕೆಲಸ ಮಾಡಲು ನಾನಂತೂ ಒಪ್ಪುವುದಿಲ್ಲ. ಮಾತ್ರೆಯಿಂದ ಹತೋಟಿಯಲ್ಲಿರುವ ಬಿಪಿ ಇದ್ದ ಮಾತ್ರಕ್ಕೆ ಈ ಔಷಧವನ್ನು ಕೈಬಿಡಬೇಕಾಗಿಲ್ಲ. ಆದರೆ ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ ಅಥವಾ ಹೃದಯದ ರಕ್ತನಾಳಗಳ ಕಾಯಿಲೆ ಇದ್ದರೆ ಸಾಮಾನ್ಯವಾಗಿ ಇದರ ಗೊಡವೆಗೆ ಹೋಗುವುದಿಲ್ಲ.

ಇನ್ನೊಂದು ಔಷಧ ಟ್ರಾನೆಕ್ಸಾಮಿಕ್ ಆ್ಯಸಿಡ್. ಜಪಾನಿನ ಉಟಾಕೊ ಮತ್ತು ಶೊಸುಕೆ ಒಕಾಮೊಟೊ ದಂಪತಿ 1962ರಲ್ಲಿ ಇದನ್ನು ಬೆಳಕಿಗೆ ತಂದರು. ಇದು ರಕ್ತನಾಳವನ್ನು ಕುಗ್ಗಿಸುವುದಿಲ್ಲ, ಕಟ್ಟಿದ ಹೆಪ್ಪು ಬೇಗ ಕರಗದಂತೆ ತಡೆಯುತ್ತದೆ; ಹಾಗಾಗಿ ಬಿಪಿ ಇದಕ್ಕೆ ಅಡ್ಡಿಯಲ್ಲ. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹಿಂದೆ ರಕ್ತ ಹೆಪ್ಪುಗಟ್ಟಿತ್ತೇ, ಫಿಟ್ಸ್ ಇದೆಯೇ, ಮೂತ್ರಪಿಂಡ ಸರಿಯಿದೆಯೇ ಎಂಬುದನ್ನು ಮಾತ್ರ ವೈದ್ಯರಿಗೆ ತಿಳಿಸಲೇಬೇಕು. ಸುಮಾರು 20,000 ಬಾಣಂತಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೆರಿಗೆಯ ನಂತರದ ರಕ್ತಸ್ರಾವದಿಂದಾಗುವ ಸಾವನ್ನು ಇದು ತಗ್ಗಿಸಿತು. ಆದರೆ ಅದು ಹೆರಿಗೆಯ ಮಾತು. ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ವ್ಯಾಸೊಪ್ರೆಸಿನ್‌ಗೆ ಇರುವಷ್ಟು ಬಲವಾದ ಪುರಾವೆ ಇದಕ್ಕಿಲ್ಲ. ಹೆರಿಗೆಯಲ್ಲಿ ಕೊಡುವ ಆಕ್ಸಿಟೋಸಿನ್ ಕೂಡ ಬಸಿರಿಲ್ಲದ ಗರ್ಭಕೋಶದ ಮೇಲೆ ಅಷ್ಟಾಗಿ ನಾಟುವುದಿಲ್ಲ.

ಇಂಜೆಕ್ಷನ್‌ಗಿಂತ ನನಗೆ ಹೆಚ್ಚು ಚಿಂತೆಯಾಗುವುದು ಹಿಮೋಗ್ಲೋಬಿನ್. ಮುಟ್ಟಿನಲ್ಲಿ ತಿಂಗಳುಗಟ್ಟಲೆ ರಕ್ತ ಹೋಗಿ ಸೊರಗಿದವರಿಗೆ ಸ್ವಲ್ಪ ರಕ್ತ ಹೋದರೂ ಭಾರವಾಗುತ್ತದೆ. ಅದು ಕಡಿಮೆಯಿದ್ದು ತುರ್ತು ಇಲ್ಲದಿದ್ದರೆ, ಕೆಲವು ವಾರ ಮುಂದೂಡಿ ಕಬ್ಬಿಣಾಂಶದ ಇಂಜೆಕ್ಷನ್ ಕೊಡಿಸುವುದೇ ಲೇಸು. ಯಾವ ಇಂಜೆಕ್ಷನ್ ಕೊಟ್ಟರೂ ರಕ್ತದ ವ್ಯವಸ್ಥೆ ತಪ್ಪುವುದಿಲ್ಲ. ಹೊಂದಾಣಿಕೆಯಾಗುವ ರಕ್ತ ಕಾಯ್ದಿರಿಸಲಾಗಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಅರಿವಳಿಕೆ ತಪಾಸಣೆಗೆ ಹೋಗುವಾಗ ಅಕ್ಕನವರು ನುಂಗುವ ಎಲ್ಲ ಮಾತ್ರೆಗಳನ್ನೂ ಹಳೆಯ ಇಸಿಜಿಯನ್ನೂ ಒಯ್ಯಿರಿ. ಉಪವಾಸವೆಂದು ಬಿಪಿ ಮಾತ್ರೆಯನ್ನೂ ಬಿಟ್ಟು ಬರುವವರು ನಮ್ಮ ಕಡೆ ಬಹಳ. ಆ ದಿನ ಬೆಳಿಗ್ಗೆ ಯಾವ ಮಾತ್ರೆಯನ್ನು ಒಂದು ಗುಟುಕು ನೀರಿನೊಂದಿಗೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅಲ್ಲಿಯ ಅರಿವಳಿಕೆ ತಜ್ಞರಿಂದಲೇ ಬರೆಸಿಕೊಳ್ಳಿ.