ಬಿಸಿಯೇರಿದ ಸಿಪ್ಪೆ ರಾಶಿಯೊಳಗಿನ ಬೂಷ್ಟು

ಪ್ರಶ್ನೆ: ನಮ್ಮೂರ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಗುಡ್ಡೆ ಹಾಕಿರುವ ಕಬ್ಬಿನ ಸಿಪ್ಪೆಯನ್ನು ಕೆದಕಿದರೆ ಹಬೆ ಏಳುತ್ತದೆ, ಒಳಗೆ ಬೂದುಬಣ್ಣದ ಪುಡಿ ಕಾಣುತ್ತದೆ. ಕೈ ಸುಡುವಂಥ ಬಿಸಿಯಲ್ಲಿ ಬೂಷ್ಟು ಬೆಳೆಯಬಲ್ಲದೇ? ಅದೆಲ್ಲ ಒಂದೇ ಜಾತಿಯದೇ?
– ಮಂಡ್ಯ ಜಿಲ್ಲೆಯ ಓದುಗರೊಬ್ಬರು

ಉತ್ತರ: ಬೆಳೆಯಬಲ್ಲದು, ಆದರೆ ಒಂದೇ ಜಾತಿಯದಲ್ಲ. ರಸ ಹಿಂಡಿದ ಮೇಲೂ ಸಿಪ್ಪೆಯ ತೂಕದಲ್ಲಿ ಸುಮಾರು ಅರ್ಧದಷ್ಟು ನೀರಿರುತ್ತದೆ, ಸ್ವಲ್ಪ ಸಕ್ಕರೆಯೂ ಉಳಿದಿರುತ್ತದೆ. ಈ ಸಕ್ಕರೆಗೆ ಮೊದಲು ಮುತ್ತುವವು ಯೀಸ್ಟ್‌ಗಳು ಮತ್ತು ಬ್ಯಾಕ್ಟೀರಿಯಾಗಳು. ಅವುಗಳ ಉಸಿರಾಟದಿಂದ ಹುಟ್ಟಿದ ಶಾಖವನ್ನು ಸಿಪ್ಪೆ ಬೇಗನೆ ಹೊರಬಿಡುವುದಿಲ್ಲವಾದ್ದರಿಂದ ಅದು ರಾಶಿಯ ನಡುವೆಯೇ ಕೂಡಿಕೊಳ್ಳುತ್ತದೆ. 40 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ, ಬಿಸಿ ಎಬ್ಬಿಸಿದ ಜೀವಿಗಳಲ್ಲಿ ಹೆಚ್ಚಿನವು ತಾವೇ ಅದಕ್ಕೆ ಸೋಲುತ್ತವೆ.

ಆಗ ಶಾಖಪ್ರಿಯ ಶಿಲೀಂಧ್ರಗಳ ಸರದಿ ಬರುತ್ತದೆ. ಬೆಳೆಯಲು ಕನಿಷ್ಠ 20 ಡಿಗ್ರಿ ಬೇಕಾಗುವ, 50 ಡಿಗ್ರಿಯಲ್ಲೂ ಬೆಳೆಯಬಲ್ಲ ಶಿಲೀಂಧ್ರಗಳಿಗೆ ಮಾತ್ರ ಈ ಹೆಸರು ಸಲ್ಲಬೇಕೆಂದು ವಿಜ್ಞಾನಿಗಳಾದ ಕೂನಿ ಮತ್ತು ಎಮರ್ಸನ್ 1964ರಲ್ಲಿ ಗೆರೆ ಎಳೆದರು. ಇಡೀ ಶಿಲೀಂಧ್ರ ಕುಲದಲ್ಲಿ ಇಂಥವು ಕೆಲವೇ ಹತ್ತಾರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಮೇಶ್ ಮಹೇಶ್ವರಿಯವರು ಇವುಗಳ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ. ಇವುಗಳಲ್ಲಿ ರೈಜೋಮ್ಯೂಕರ್ ಪ್ಯುಸಿಲ್ಲಸ್ ಸರಳ ಸಕ್ಕರೆಯನ್ನು ಅವಸರವಾಗಿ ಉಂಡು ಮುಗಿಸುವಂಥದು. ಕೀಟೋಮಿಯಂ ಥರ್ಮೋಫಿಲಂ ನಾರಿನ ಸೆಲ್ಯುಲೋಸನ್ನೇ ಒಡೆಯುತ್ತದೆ. ನನಗೆ ಹೆಚ್ಚು ಕುತೂಹಲವೆನಿಸುವುದು ಥರ್ಮೋಮೈಸಿಸ್ ಲ್ಯಾನುಜಿನೋಸಸ್: ಅದಕ್ಕೆ ಸೆಲ್ಯುಲೋಸ್ ಒಡೆಯಲು ಬಾರದು, ಆದರೂ ಬಿಸಿ ರಾಶಿಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಏಕೆಂದರೆ ನೆರೆಯ ಶಿಲೀಂಧ್ರ ಒಡೆದಾಗ ಬಿಡುಗಡೆಯಾಗುವ ಸಕ್ಕರೆಯಲ್ಲಿ ಪಾಲು ಪಡೆದು ಬದುಕುತ್ತದೆ.

ಈ ಶಿಲೀಂಧ್ರಗಳಿಗೂ ಸುಮಾರು 60ರಿಂದ 62 ಡಿಗ್ರಿಯೇ ಮಿತಿ. ನಡುಭಾಗ ಅದನ್ನು ಮೀರಿದರೆ ಅಲ್ಲಿ ಅಷ್ಟು ಬಿಸಿ ತಾಳಬಲ್ಲ ಬ್ಯಾಕ್ಟೀರಿಯಾಗಳಷ್ಟೇ ದುಡಿಯುತ್ತವೆ. ಶಿಲೀಂಧ್ರಗಳು ಅಷ್ಟು ಬಿಸಿಯಿಲ್ಲದ ಹೊರಪದರದಲ್ಲಿ ಉಳಿದು, ರಾಶಿ ತಣಿದಾಗ ಒಳಗೆ ಮರಳುತ್ತವೆ. ಆದ್ದರಿಂದ ಒಂದೇ ರಾಶಿಯಲ್ಲಿ ಒಂದು ಮೊಳ ಆಳಕ್ಕೊಂದು ಬಗೆಯ ಜೀವಿಗಳು ಸಿಕ್ಕರೆ ಅಚ್ಚರಿಪಡಬೇಕಿಲ್ಲ.

ತಾವು ಕಂಡ ಪುಡಿ ಮಾತ್ರ ಶಿಲೀಂಧ್ರವೇ ಆಗಿರಬೇಕೆಂದಿಲ್ಲ. ಬೂಷ್ಟಿನಂತೆ ಎಳೆಯಾಗಿ ಬೆಳೆದರೂ ಬ್ಯಾಕ್ಟೀರಿಯಾ ವರ್ಗಕ್ಕೆ ಸೇರಿದ ಲೇಸಿಯೆಲ್ಲಾ ಸ್ಯಾಕರಿ ಇಂಥ ಸಿಪ್ಪೆಯಲ್ಲಿ ವಾಸಿಸುತ್ತದೆ. ಅದರ ಬೀಜಕಗಳಿರುವ ಧೂಳನ್ನು ಮತ್ತೆ ಮತ್ತೆ ಉಸಿರಾಡಿದವರಿಗೆ ಬ್ಯಾಗಸೋಸಿಸ್ ಎಂಬ ಶ್ವಾಸಕೋಶದ ಅಲರ್ಜಿ ರೋಗ ಬರಬಹುದು. ಹಳೆಯ, ಒಣಗಿದ ಸಿಪ್ಪೆಯಲ್ಲೇ ಧೂಳು ಹೆಚ್ಚು. ಕೆದಕುವ ಮುನ್ನ ನೀರು ಚಿಮುಕಿಸಿ, ಧೂಳು ತಡೆಯುವ ಮುಖಗವಸು ಧರಿಸಿ.