ಕಾಸರಗೋಡಿಗೆ ಬಂದರೆ ಯಾರ ಮನೆಯ ಹಪ್ಪಳ ಕೊಳ್ಳಬೇಕು?

ನೀವು ಕೇಳಿದ್ದು ಎರಡು ಪ್ರಶ್ನೆ. ಬೇಕಲ ಕೋಟೆ ನೋಡಲು ಬರುವಾಗ ನಮ್ಮ ಕಡೆಯಿಂದ ತಿನ್ನುವಂಥದ್ದು ಎಂತ ಕೊಂಡುಹೋಗಬಹುದು, ಅದೂ ದೊಡ್ಡ ಕಂಪೆನಿಯದ್ದಲ್ಲ, ಮನೆಯಲ್ಲಿ ಮಾಡಿದ್ದೇ ಬೇಕು ಅಂತ ಒಂದು. ಅಲ್ಲಿ ಕನ್ನಡದಲ್ಲಿ ಕೇಳಿದರೆ ಕೊಡುತ್ತಾರಾ ಅಂತ ಇನ್ನೊಂದು. ಎರಡನೆಯದು ಸುಲಭ, ಅದನ್ನು ಮೊದಲು ಮುಗಿಸುತ್ತೇನೆ.

ಕೊಡುತ್ತಾರೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿತು, 1984ರಲ್ಲಿ ಬೇರೆಯೇ ಜಿಲ್ಲೆಯಾಯಿತು. ಆದರೆ ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ, ಅಂದರೆ ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ ಯಾವುದಾದರೂ ಅಂಗಡಿ ಜಗಲಿಯಲ್ಲಿ ಹತ್ತು ನಿಮಿಷ ಕೂತು ನೋಡಿ. ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಕಿವಿಗೆ ಬೀಳುತ್ತದೆ. ನಮ್ಮ ಮನೆಯೊಳಗೆ ಹವ್ಯಕ ಕನ್ನಡ, ತೋಟದಲ್ಲಿ ತುಳು, ಪಂಚಾಯತು ಕಚೇರಿಯಲ್ಲಿ ಮಲಯಾಳ, ಶಾಲೆಯಲ್ಲಿ ಕಲಿತದ್ದು ಪುಸ್ತಕದ ಕನ್ನಡ. ನಿಮ್ಮ ಬೆಂಗಳೂರು ಕನ್ನಡ ಇಲ್ಲಿ ನಡೆಯುತ್ತದೆ, ನಮ್ಮದು ನಿಮಗೆ ಹಿಡಿಸುವುದಕ್ಕೆ ಸ್ವಲ್ಪ ಹೊತ್ತು ಬೇಕು. ಒಂದೇ ಎಚ್ಚರ: ಹಸಿವಾಗಿದೆ ಅಂತ ಬೊಂಡ ಕೇಳಬೇಡಿ, ಎಳನೀರು ಕೆತ್ತಿ ಕೈಗೆ ಕೊಡುತ್ತಾರೆ. ನನ್ನ ಬೆಂಗಳೂರಿನ ಗೆಳೆಯನಿಗೆ ಹೀಗೆಯೇ ಆಯಿತು. ಅವನು ಚಟ್ನಿ ಬೇರೆ ಕೇಳಿದ್ದ.

ಇನ್ನು ತಿನ್ನುವ ವಿಷಯ. ಯಾವ ಅಂಗಡಿ ಅಂತ ನೀವು ಕೇಳುತ್ತಿದ್ದೀರಿ, ನಾನು ಯಾವ ತಿಂಗಳು ಅಂತ ಕೇಳುತ್ತೇನೆ. ಫೆಬ್ರವರಿಗೆ ಬಂದರೆ ಮಾವಿನ ಮಿಡಿ ಮತ್ತು ಗುಜ್ಜೆ, ಅಂದರೆ ಎಳೆ ಹಲಸು. ಏಪ್ರಿಲ್‌ಗೆ ಬಂದರೆ ಹಪ್ಪಳ. ಮೇ ತಿಂಗಳಲ್ಲಿ ಮಾಂಬಳ, ಪುನರ್ಪುಳಿ; ಇವು ಎಂತ ಅಂತ ಮುಂದೆ ಹೇಳುತ್ತೇನೆ. ಆಟಿ ತಿಂಗಳಲ್ಲಿ, ಜಡಿಮಳೆಗೆ ಬಂದರೆ ಕೊಳ್ಳುವುದಕ್ಕೆ ಹೊಸತು ಏನೂ ಇಲ್ಲ, ಆದರೆ ಭರಣಿಯಿಂದ ತೆಗೆದ ಉಪ್ಪುಸೊಳೆಯ (ಉಪ್ಪು ಹಾಕಿಟ್ಟ ಹಲಸಿನ ತೊಳೆಯ) ರೊಟ್ಟಿ ಯಾರಾದರೂ ಬಡಿಸಿದರೆ ಬೇರೆಲ್ಲ ಮರೆಯುತ್ತೀರಿ. ನೀವು ಏಪ್ರಿಲ್ ಅಂದಿರುವುದರಿಂದ ಹಪ್ಪಳದ ಮಾತು ಉದ್ದಕ್ಕೆ ಹೇಳುತ್ತೇನೆ. ಹೇಗೂ ನನಗೆ ಅದರ ಮೇಲೆಯೇ ಪ್ರೀತಿ ಜಾಸ್ತಿ.

ಹಲಸಿನ ಹಪ್ಪಳಕ್ಕೆ ಬೇಕಾದದ್ದು ಬಲಿತ ಕಾಯಿ, ಹಣ್ಣಲ್ಲ. ಹಣ್ಣಾಗಲು ಒಂದೆರಡು ದಿನ ಇದೆ ಅನ್ನುವ ಕಾಯಿಯಲ್ಲಿ ಮಾಡಿದರೆ ಸಿಹಿ ಇಳಿದಿರುತ್ತದೆ, ಎಣ್ಣೆಗೆ ಬಿಟ್ಟ ಕೂಡಲೇ ಕಪ್ಪಾಗುತ್ತದೆ. ತೀರ ಎಳತಾದರೆ ರುಚಿಯೇ ಇಲ್ಲ. ಮರದ ಕೆಳಗೆ ನಿಂತು, ಮುಳ್ಳು ಅಗಲವಾಗಿದೆಯಾ ನೋಡಿ, ಬೆರಳಿನಿಂದ ಹೊಡೆದು ಸದ್ದು ಕೇಳಿ ಹೇಳಬಲ್ಲವರು ಪ್ರತಿ ಊರಲ್ಲಿಯೂ ಇರುತ್ತಾರೆ. ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು ಕೊಯ್ಯಬೇಕು, ಇಲ್ಲದಿದ್ದರೆ ಮೇಣ ಎರಡು ದಿನ ಬಿಡುವುದಿಲ್ಲ. ಗೂಂಜು (ನಡುವಿನ ದಿಂಡು) ತೆಗೆದು, ಸೊಳೆ ಬಿಡಿಸಿ, ಬೇಳೆ (ಬೀಜ) ಬೇರೆ ಮಾಡಿ, ಅಟ್ಟಿನಳಗೆಯ ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಗುದ್ದಬೇಕು. ಆರಿದರೆ ಹಿಟ್ಟು ಗಟ್ಟಿಯಾಗಿ ಒತ್ತುವಾಗ ಅಂಚು ಬಿರಿಯುತ್ತದೆ. ಉಪ್ಪು, ಒಣಮೆಣಸು, ಕೊತ್ತಂಬರಿ, ಜೀರಿಗೆ. ಅಷ್ಟೇ. ಈಗ ಗುದ್ದುವ ಕೆಲಸ ಹೆಚ್ಚಿನ ಕಡೆ ಯಂತ್ರದ್ದು. ಒರಳಿನಷ್ಟು ನಯ ಬರುವುದಿಲ್ಲ ಎಂದು ಹಿರಿಯರು ಗೊಣಗುತ್ತಾರೆ. ನಾನು ಎರಡನ್ನೂ ತಿಂದಿದ್ದೇನೆ, ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಗುದ್ದುವವರ ಬೆನ್ನಿಗೆ ಗೊತ್ತಾಗಿರಬಹುದು.

ಆ ಬೊಂಡದ ಗೆಳೆಯನನ್ನೇ ಮಾರನೆಯ ದಿನ ಪೆರ್ಲದ ಹತ್ತಿರ ನಮಗೆ ಗುರುತಿನ ಅಕ್ಕನೊಬ್ಬರ ಮನೆಗೆ ಕರೆದುಕೊಂಡು ಹೋಗಿದ್ದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಆರು ಚಾಪೆ ಹಾಸಿತ್ತು, ಚಾಪೆಯ ತುಂಬ ಅಂಗೈಯಗಲದ ಹಪ್ಪಳ. ಕಾಗೆ ಓಡಿಸಲು ಸಣ್ಣ ಹುಡುಗ ಒಬ್ಬ ಕೋಲು ಹಿಡಿದು ಕೂತಿದ್ದ. ಕಾಗೆಗಿಂತ ಅವನೇ ಅರೆ ಒಣಗಿದ್ದನ್ನು ಜಾಸ್ತಿ ತಿನ್ನುತ್ತಿದ್ದ. ಅರೆ ಒಣಗಿದ ಹಪ್ಪಳ ಜಗಿಯುವ ಸುಖ ಎಂತದ್ದು ಅಂತ ನಿಮಗೆ ಯಾವ ಪ್ಯಾಕೆಟ್ಟೂ ಹೇಳುವುದಿಲ್ಲ.

ಗೆಳೆಯ ಕೇಳಿದ, “ಇದು ಯಾವ ಬ್ರಾಂಡು ಮೇಡಂ?”

ಅಕ್ಕ ನನ್ನ ಮುಖ ನೋಡಿದರು. ಆಮೇಲೆ, “ಬ್ರಾಂಡ್ ಎಂತ ಮಾರಾಯ್ರೆ, ಹಟ್ಟಿಯ ಹಿಂದೆ ಕಾಣ್ತದಲ್ಲ, ಆ ಮರದ್ದು. ಬಾವಿಯ ಹತ್ರದ್ದು ಹಣ್ಣಿಗೆ ಒಳ್ಳೇದು, ಹಪ್ಪಳಕ್ಕೆ ಆಗುದಿಲ್ಲ” ಅಂದರು.

ಅವನಿಗೆ ನಗು ಬಂತು, ಆದರೆ ಅದೇ ಸರಿಯಾದ ಉತ್ತರ. ಹಲಸಿನಲ್ಲಿ ಬಕ್ಕೆ, ತುಳುವ ಅಂತ ಎರಡು ಬಗೆ. ಬಕ್ಕೆಯ ಸೊಳೆ ಗಟ್ಟಿ, ತುಳುವದ್ದು ಮೆತ್ತಗೆ. ಬೀಜದಿಂದ ಹುಟ್ಟಿದ ಮರಗಳಾದ್ದರಿಂದ ಒಂದೊಂದು ಮರದ ಗುಣ ಒಂದೊಂದು. ಯಾವ ಮರ ಯಾವುದಕ್ಕೆ ಅನ್ನುವುದು ಆ ಮನೆಯವರಿಗೆ ಮಾತ್ರ ಗೊತ್ತು. ಆದ್ದರಿಂದ ಮನೆಯಲ್ಲಿ ಕೊಳ್ಳುವಾಗ ಮರ ಯಾವುದು ಅಂತ ಕೇಳಿ. ಹೇಳಲು ಆಗದವರು ಎಲ್ಲಿಂದಲೋ ತಂದು ಮಾರುತ್ತಿದ್ದಾರೆ ಅಂತಲೇ ತಿಳಿಯಿರಿ. ತಪ್ಪೇನಲ್ಲ, ಆದರೆ ನಿಮಗೆ ಬೇಕಾದದ್ದು ಅದಲ್ಲವಲ್ಲ.

ಕೊಳ್ಳುವ ಮೊದಲು ಒಂದನ್ನು ಮೂಗಿನ ಹತ್ತಿರ ಹಿಡಿಯಿರಿ. ಹಲಸು, ಜೀರಿಗೆ ಎರಡೂ ಬರಬೇಕು. ಹೊಗೆಯ ವಾಸನೆ ಇದ್ದರೆ ಮಳೆ ಬಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ್ದು. ಕೆಲವರಿಗೆ ಅದು ಇಷ್ಟ, ನನಗಲ್ಲ. ಬಾಗಿಸಿದರೆ ಟಕ್ಕೆಂದು ಮುರಿಯಬೇಕು, ಬಾಗಿದರೆ ಬೂಸಲು ಬರುವುದು ಖಂಡಿತ. ಅಂಚು ಸ್ವಲ್ಪ ವಕ್ರ, ದಪ್ಪ ತೆಳು ಇದ್ದರೆ ಹೆದರಬೇಡಿ, ಅದು ಕೈಯಲ್ಲಿ ಒತ್ತಿದ ಗುರುತು. ಇಪ್ಪತ್ತೈದರ ಕಟ್ಟು ಮಾಡಿ ಮಾರುತ್ತಾರೆ. ಊರಿಗೆ ಹೋಗಿ ತಗಡಿನ ಡಬ್ಬಿಯಲ್ಲಿಟ್ಟರೆ ಮುಂದಿನ ಹಲಸಿನವರೆಗೂ ಇರುತ್ತದೆ. ಕಾಯಿಸುವುದು, ಅಂದರೆ ಕರಿಯುವುದು, ಮಾತ್ರ ತೆಂಗಿನೆಣ್ಣೆಯಲ್ಲಿ. ಸೂರ್ಯಕಾಂತಿ ಎಣ್ಣೆಯಲ್ಲಿ ಕಾಯಿಸಿ “ಅಂಥದ್ದೇನೂ ಇಲ್ಲ ಬಿಡಿ” ಅಂದರೆ ನಾನು ಜವಾಬ್ದಾರನಲ್ಲ.

ಬೇರ್ಪಡಿಸಿದ ಬೇಳೆ ಎಲ್ಲಿಗೆ ಹೋಯಿತು ಅಂತ ಕೇಳಲಿಲ್ಲ ನೀವು. ಉಪ್ಪು ಹಾಕಿ ಬೇಯಿಸಿ ಕಲ್ಲಿನಂತೆ ಒಣಗಿಸುತ್ತಾರೆ, ಅದೇ ಸಾಂತಾಣಿ. ಮಳೆಗಾಲದಲ್ಲಿ ಒಂದನ್ನು ದವಡೆಗೆ ಹಾಕಿಕೊಂಡರೆ ಅರ್ಧ ಗಂಟೆ ಮಾತೇ ಬೇಡ. ಹಲ್ಲು ಗಟ್ಟಿ ಇದ್ದರೆ ಮಾತ್ರ ಕೊಳ್ಳಿ. ಹಣ್ಣಿನ ಪೆರಟಿ ಇನ್ನೊಂದು. ಹಣ್ಣಿನ ತಿರುಳನ್ನು ಬೆಲ್ಲ ಸೇರಿಸಿ ಉರುಳಿಯಲ್ಲಿ ಗಂಟೆಗಟ್ಟಲೆ ಮಗುಚಿ ಗಟ್ಟಿ ಮಾಡಿದ್ದು, ತೆಂಗಿನ ಹಾಲು ಹಾಕಿದರೆ ವರ್ಷದ ಯಾವ ದಿನ ಬೇಕಾದರೂ ಹಲಸಿನ ಪಾಯಸ. ಈಗೀಗ ಮಾರಾಟದ್ದರಲ್ಲಿ ಬೆಲ್ಲವೇ ಮುಂದೆ, ಹಲಸು ಹಿಂದೆ. ಬೆಲ್ಲ ಹಾಕದೆ ಮಗುಚಿದ್ದು ಸಿಕ್ಕಿದರೆ ಅದನ್ನೇ ಕೊಳ್ಳಿ, ಬೆಲ್ಲ ನಿಮ್ಮ ಅಂದಾಜಿಗೆ ನೀವೇ ಹಾಕಿಕೊಳ್ಳಬಹುದು.

ಮಾಂಬಳವೆಂದರೆ ಒಣಗಿಸಿದ ಮಾವಿನ ರಸ. ಕಾಟು (ಕಾಡು) ಮಾವಿನ ಹಣ್ಣು ಹಿಂಡಿ, ಚಾಪೆಯ ಮೇಲೆ ತೆಳ್ಳಗೆ ಸವರಿ, ಒಣಗಿದ ಮೇಲೆ ಅದರ ಮೇಲೆ ಮತ್ತೊಂದು ಪದರ, ಹೀಗೆ ದಿನಗಟ್ಟಲೆ. ಚಾಪೆಯ ಗೆರೆ ಅದರ ಹಿಂಬದಿಯಲ್ಲಿ ಅಚ್ಚೊತ್ತಿರುತ್ತದೆ. ಆ ಗೆರೆ ಇಲ್ಲದೆ ನುಣ್ಣಗೆ ಹೊಳೆಯುವ ಹಳದಿ ಹಾಳೆ ತಟ್ಟೆಯಲ್ಲಿ ಒಣಗಿಸಿದ್ದು, ಹೆಚ್ಚಾಗಿ ಸಕ್ಕರೆ ಬೆರೆಸಿದ್ದು. ನಮ್ಮದು ಕಪ್ಪು ಕಂದು, ಹುಳಿ. ಬಾಯಿಗೆ ಹಾಕಿಕೊಳ್ಳುವುದಕ್ಕಿಂತ ನೆನೆಸಿ ಹಸಿಮೆಣಸು, ಬೆಲ್ಲ ಹಾಕಿ ಗೊಜ್ಜು ಮಾಡಿದರೆ ಅದರ ಬೆಲೆ ತಿಳಿಯುತ್ತದೆ.

ಜೇನಿನ ವಿಷಯದಲ್ಲಿ ನಾನೇ ಮೋಸಹೋದವನು. ರಸ್ತೆ ಬದಿಯಲ್ಲಿ ಬಕೆಟ್ಟಿನಲ್ಲಿ ಎರಿ (ಜೇನುಹುಟ್ಟು) ತೇಲಿಸಿಕೊಂಡು ಕೂತವನ ಹತ್ತಿರ ಎರಡು ಬಾಟಲಿ ಕೊಂಡೆ, ಮನೆಯಲ್ಲಿ ಅಮ್ಮ ಒಂದು ಹನಿ ನಾಲಗೆಗೆ ಇಟ್ಟು “ಬೆಲ್ಲದ ಪಾಕ” ಅಂದರು. ಜೇನುಪೆಟ್ಟಿಗೆ ಇಟ್ಟ ಮನೆಯಿಂದಲೇ ಕೊಳ್ಳಿ. ನಮ್ಮ ಗುಡ್ಡಗಳಲ್ಲಿ ರಬ್ಬರ್ ತುಂಬ. ಎಲೆ ಉದುರಿ ಹೊಸ ಚಿಗುರು ಬರುವಾಗ ಎಲೆಯ ತೊಟ್ಟಿನ ಹತ್ತಿರ ಸಿಹಿರಸ ಒಸರುತ್ತದೆ, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ತರುವುದು ಬಹುಪಾಲು ಅದನ್ನೇ. ಹೂವಿನದ್ದೇ ಅಲ್ಲ. ಆ ಜೇನು ಬೇಗ ಹರಳುಗಟ್ಟುತ್ತದೆ, ಸಕ್ಕರೆ ಬೆರೆಸಿದ್ದಾರೆಂದು ಚೆಲ್ಲಬೇಡಿ. ಮುಜಂಟಿ ಜೇನು ಬೇರೆ: ನುಸಿಯಷ್ಟೇ ಗಾತ್ರದ, ಚುಚ್ಚದ ಹುಳ, ಮುರಕಲ್ಲಿನ ಗೋಡೆಯ ಸಂದಿನಲ್ಲಿ ಗೂಡು ಕಟ್ಟುತ್ತದೆ. ಅದರ ಜೇನು ನೀರಾಗಿ, ಹುಳಿಮಿಶ್ರವಾಗಿ ಇರುತ್ತದೆ. ಒಂದು ಗೂಡಿನಿಂದ ವರ್ಷಕ್ಕೆ ಸಿಗುವುದು ಸಣ್ಣ ಕುಪ್ಪಿಯಷ್ಟು. ಅದನ್ನು ಮದ್ದಿಗೆಂದು ಇಟ್ಟುಕೊಳ್ಳುತ್ತಾರೆ, ಬೆಲೆಯ ಚೌಕಾಸಿ ಮಾಡಿದರೆ ಬೇಸರಿಸುತ್ತಾರೆ.

ಪುನರ್ಪುಳಿಯನ್ನು ನೀವು ಕೋಕಂ ಅನ್ನುತ್ತೀರಿ. ಶರಬತ್ತಿನ ಬಾಟಲಿ ಹೊತ್ತುಕೊಂಡು ಹೋಗಬೇಡಿ, ಒಣಸಿಪ್ಪೆ ಕೊಳ್ಳಿ. ಬೆಂಗಳೂರಿಗೆ ನಾನು ಪಾರ್ಸೆಲ್ ಕಳಿಸಿದ ಬಾಟಲಿ ಒಡೆದು, ಜತೆಯಲ್ಲಿದ್ದ ಅಷ್ಟೂ ಹಪ್ಪಳ ಕೆಂಪು ಮುದ್ದೆಯಾಗಿತ್ತು. ಬಾಳೆಕಾಯಿ ಚಿಪ್ಸ್ ಬೇಡ ಅನ್ನುವುದಿಲ್ಲ, ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಇಷ್ಟು ದೂರ ಬರಬೇಕಾಗಿಲ್ಲ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾಗಿ ಈಗ ತೋಟದ ಬೆಳೆಗಳ ಕೇಂದ್ರೀಯ ಸಂಸ್ಥೆಯಾಗಿರುವ ಸಿಪಿಸಿಆರ್‌ಐ ಇದೆ. ಅವರು ಕಂಡುಹಿಡಿದ ವಿಧಾನದಲ್ಲಿ, ಮಂಜುಗಡ್ಡೆ ಇಟ್ಟ ಪೆಟ್ಟಿಗೆಯಲ್ಲಿ ಹುಳಿಯಾಗದಂತೆ ಇಳಿಸಿದ ಕಲ್ಪರಸ, ಅಂದರೆ ತೆಂಗಿನ ಹೊಂಬಾಳೆಯ ರಸ, ಸಿಕ್ಕಿದರೆ ಅಲ್ಲಿಯೇ ಕುಡಿಯಿರಿ. ಅದು ನಿಮ್ಮ ಜತೆ ಬೆಂಗಳೂರಿಗೆ ಬರುವ ಪೈಕಿ ಅಲ್ಲ.

ಎಲ್ಲ ಮನೆ ಬಾಗಿಲು ತಟ್ಟುವುದಕ್ಕೆ ಸಂಕೋಚವಾದರೆ ಕುಟುಂಬಶ್ರೀ ಹೆಂಗಸರ ಮಾರಾಟ ನೋಡಿ. 1998ರಲ್ಲಿ ಕೇರಳ ಸರಕಾರ ಶುರುಮಾಡಿದ ಹೆಂಗಸರ ಸ್ವಸಹಾಯ ಗುಂಪುಗಳ ಯೋಜನೆ, ನಮ್ಮ ಕನ್ನಡ, ತುಳು ಮಾತಾಡುವ ಹೆಂಗಸರೂ ಅದರಲ್ಲಿದ್ದಾರೆ. ವಿಷು, ಓಣಂ ಸಮಯಕ್ಕೆ ಸಂತೆ ಹಾಕುತ್ತಾರೆ. ಅಲ್ಲಿಯ ಒಂದು ಕಟ್ಟಿನ ಮೇಲೆ ಒಂದು ಬದಿ ಮಲಯಾಳದಲ್ಲಿ ಚಕ್ಕ ಪಪ್ಪಡಂ, ಇನ್ನೊಂದು ಬದಿ ಕನ್ನಡದಲ್ಲಿ ಹಲಸಿನ ಹಪ್ಪಳ ಅಂತ ಇತ್ತು. ಚೀಟಿ ಇದ್ದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಮಾಡಿದ ತಿಂಗಳು ನೋಡಿ. ಆಗಸ್ಟಿನಲ್ಲಿ ಮಾಡಿದ್ದು ಅಂತ ಇದ್ದರೆ ಎಲ್ಲಿ ಒಣಗಿಸಿದ್ದು ಅಂತ ಕೇಳಲು ನಾಚಬೇಡಿ.

ಇದೆಲ್ಲ ಮಾರುವ ವಸ್ತು ಆದದ್ದೇ ಇತ್ತೀಚೆಗೆ. ನಾನು ಸಣ್ಣವನಿದ್ದಾಗ ಹಲಸು ಬಿದ್ದು ಕೊಳೆಯುತ್ತಿತ್ತು, ಕೇಳುವವರಿರಲಿಲ್ಲ. ಪೆರ್ಲದ ಬಳಿಯ ವಾಣೀನಗರದಲ್ಲಿರುವ ಪತ್ರಕರ್ತ ಶ್ರೀಪಡ್ರೆಯವರು ‘ಅಡಿಕೆ ಪತ್ರಿಕೆ’ ಅನ್ನುವ ಕೃಷಿ ಮಾಸಿಕದಲ್ಲಿ ವರ್ಷಗಟ್ಟಲೆ ಹಲಸನ್ನೇ ಹಿಡಿದು ಬರೆದಾಗ ನಕ್ಕವರೂ ಇದ್ದರು. 2018ರಲ್ಲಿ ಕೇರಳ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿತು. ಈಗ ಗುಜ್ಜೆ ಇರುವಾಗಲೇ ಮರದಿಂದ ಇಳಿಸಿ ಲಾರಿಗೆ ಹಾಕುವವರು ಬರುತ್ತಾರೆ, ಹಪ್ಪಳಕ್ಕೆ ಕಾಯಿ ಉಳಿಸಿಕೊಳ್ಳುವುದೇ ಕೆಲಸ.

ನೀವು ಕೇಳದ ಗಡಿಯ ಮಾತೂ ಒಂದಿದೆ. ನಮ್ಮ ನೆಂಟರೆಲ್ಲ ವಿಟ್ಲ, ಪುತ್ತೂರು, ಮಂಗಳೂರಿನಲ್ಲಿ, ಹಪ್ಪಳ ಯಾವಾಗಲೂ ಆ ಕಡೆಗೇ ಹೋಗುವುದು. 2020ರ ಮಾರ್ಚ್ ಕೊನೆಗೆ ಕೊರೊನಾದಿಂದಾಗಿ ಗಡಿ ಮುಚ್ಚಿತು, ರಸ್ತೆಗಳ ಮೇಲೆ ಮಣ್ಣು ರಾಶಿ ಬಿತ್ತು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಒದ್ದಾಡಿದವರ ಎದುರು ಹಪ್ಪಳದ ಕಷ್ಟ ಹೇಳುವುದಕ್ಕೇ ನಾಚಿಕೆ. ಆದರೆ ಅದು ಹಪ್ಪಳದ ಕಾಲ. ಎಲ್ಲರೂ ಮನೆಯಲ್ಲಿ, ಕೈತುಂಬ ಸಮಯ, ಮರದ ತುಂಬ ಕಾಯಿ. ಆ ವರ್ಷದಷ್ಟು ಹಪ್ಪಳ ನಮ್ಮ ಅಟ್ಟದಲ್ಲಿ ಯಾವತ್ತೂ ಇರಲಿಲ್ಲ. ನನ್ನ ಅಕ್ಕನ ಮಗಳು ವಿಟ್ಲದಲ್ಲಿ; ಅವಳ ಪಾಲಿನ ಡಬ್ಬಿ ಮೇಲೆ ಹೆಸರು ಬರೆದು ತಿಂಗಳುಗಟ್ಟಲೆ ಹಾಗೆಯೇ ಇತ್ತು.

ಬರುವುದಾದರೆ ಹೆದ್ದಾರಿ ಬಿಟ್ಟು ಕಲ್ಲಡ್ಕದಿಂದ ವಿಟ್ಲ, ಅಡ್ಕಸ್ಥಳ ದಾಟಿ ಪೆರ್ಲದ ದಾರಿಯಲ್ಲಿ ಬನ್ನಿ, ಕಲ್ಲಡ್ಕದಲ್ಲಿ ಕೇಟಿ (ಕಲ್ಲಡ್ಕ ಟೀ) ಕುಡಿದುಕೊಂಡು. ಅಂಗಳದಲ್ಲಿ ಚಾಪೆ ಕಂಡರೆ ನಿಲ್ಲಿಸಿ ಕೇಳಬಹುದು, ಯಾರೂ ಬೈಯುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಮೊದಲು ತಲುಪಿ. ಏಪ್ರಿಲ್ ಕೊನೆಗೆ ಸಂಜೆ ಸಿಡಿಲು ಮಳೆ ಇರುತ್ತದೆ. ಗುಡುಗು ಕೇಳಿದರೆ ಕಾರಿನಿಂದ ಇಳಿದವರೇ ಚಾಪೆಯ ಒಂದು ತುದಿ ಹಿಡಿದುಕೊಂಡು ಒಳಗೆ ಓಡಿ. ಕ್ರಯ ಆಮೇಲೆ ಮಾತಾಡಬಹುದು.